ಕುಶಲಾಳ ಪಾಲಿನ ಕಟ್ಟಿಗೆ

ಎಪ್ಪತ್ತೆರಡರ ಆಟಿ ತಿಂಗಳು, ಬಿಡದ ಮಳೆ. ಕಾಪುವಿನ ಮೋಹಿನಿಯ ಮನೆಯಲ್ಲಿ ಗಂಜಿಯ ಮಡಕೆ ಮಗುಚಿದಲ್ಲೇ ಇತ್ತು. ಹಲಸಿನ ಬೀಜವೂ ಮುಗಿದಿತ್ತು. ಬೊಂಬಾಯಿಯ ಹೋಟೆಲಿನ ಕೆಲಸಕ್ಕೆ ಹೋದ ಗಂಡನ ಸುದ್ದಿಯಿಲ್ಲ. ಉಳಿದದ್ದು ಶಾಲೆಯಲ್ಲಿ ಮಧ್ಯಾಹ್ನ ಕೊಡುವ ಸಜ್ಜಿಗೆ ಒಂದೇ. ಮೂರನೆಯ ಕ್ಲಾಸಿನ ಮಗಳು ಕುಶಲಾ ಅರ್ಧ ತಿಂದು, ಉಳಿದದ್ದನ್ನು ಬಾಳೆಲೆಯಲ್ಲಿ ಸುತ್ತಿ ಅಮ್ಮನಿಗೆ ತರುತ್ತಿದ್ದಳು.

ಗೋಧಿನುಚ್ಚು, ಎಣ್ಣೆ ಸರಕಾರದ್ದು. ಕಟ್ಟಿಗೆ ಮಾತ್ರ ಮಕ್ಕಳೇ ತರಬೇಕು, ದಿನಕ್ಕೊಂದು ತುಂಡು. ತಾರದವರಿಗೆ ಸಜ್ಜಿಗೆ ಇಲ್ಲ. ಇದು ಶಾಲೆಯ ಸಂಚಾಲಕ ಸರ್ವೋತ್ತಮ ಧಣಿಗಳ ಕಟ್ಟಳೆ. ಮೋಹಿನಿಯ ಮನೆಯ ಕಟ್ಟಿಗೆ ಮುಗಿದಿತ್ತು. ಆ ಮಳೆಯಲ್ಲಿ ಒಣಕಟ್ಟಿಗೆ ಇದ್ದದ್ದು ಅವರ ಕೊಟ್ಟಿಗೆಯಲ್ಲಿ ಮಾತ್ರ.

“ಗದ್ದೆಗೆ ನೇಜಿ ನೆಡಲಿಕ್ಕೆ ಬಾ. ಸಂಜೆ ಒಂದು ಹೊರೆ ಕೊಂಡುಹೋಗು,” ಎಂದಿದ್ದರು ಧಣಿಗಳು.

ಮೋಹಿನಿ ದಿನವಿಡೀ ಬಗ್ಗಿ ಭತ್ತದ ಸಸಿ ನೆಟ್ಟಳು. ಸಂಜೆ ಸಿಕ್ಕಿದ್ದು ನೀರು ಕುಡಿದ ತೆಂಗಿನ ಕೊರಡು.

“ಧಣಿಗಳೇ, ಇದು ಹೊತ್ತುವುದುಂಟಾ?”

“ಊದಬೇಕು ಮಾರಾಯ್ತಿ. ಬಾಯಿ ಇರುವುದು ನನ್ನ ಹತ್ತಿರ ಮಾತಾಡಲಿಕ್ಕೆ ಮಾತ್ರವಾ?”

ಮರುದಿನ ಆ ಕೊರಡಿನ ತುಂಡು ಹಿಡಿದು ಹೋದ ಕುಶಲಾ ಶಾಲೆಯಿಂದ ಬಂದಾಗ ಮೋಹಿನಿ ಹೊಸ್ತಿಲಲ್ಲೇ ಕಾದಿದ್ದಳು. ಮಗಳ ಮುಖಕ್ಕಿಂತ ಮೊದಲು ಅವಳ ಕಣ್ಣು ಹೋದದ್ದು ಮಗಳ ಕೈಗೆ. ಎಲೆ ಇರಲಿಲ್ಲ.

“ಎಂತ ಆಯಿತು?”

“ಇದು ಕಟ್ಟಿಗೆ ಅಲ್ಲ ಅಂದರು ಮಾಷ್ಟ್ರು. ನಾವು ಐದು ಮಂದಿ ಹೊರಗೆ ನಿಂತೆವು. ಒಳ್ಳೆ ಪರಿಮಳ ಬರ್ತಾ ಇತ್ತು ಅಮ್ಮ.”

ಆಗಷ್ಟೇ ಅವಳು ಮಗಳ ಮುಖ ನೋಡಿದ್ದು. ತುಟಿ ಒಣಗಿತ್ತು. ಈ ಮಗು ಏನೂ ತಿಂದಿಲ್ಲ, ನಾನು ಕಾದದ್ದು ನನ್ನ ಪಾಲಿಗೆ ಎಂಬುದು ಅವಳಿಗೆ ತಿಳಿಯಿತು. ಹೆತ್ತವಳನ್ನೂ ಹಸಿವು ಹೀಗೆ ಮಾಡುತ್ತದೆಯೇ? ಅಳು ಬರಲಿಲ್ಲ. ಮೈಯೆಲ್ಲ ನಾಚಿಕೆಯಿಂದ ಸುಟ್ಟುಹೋಯಿತು.

ಬೆಳಗಾಗುತ್ತಲೇ ಕತ್ತಿ ತೆಗೆದುಕೊಂಡು, ಒಲೆಯ ಮೇಲಿನ ಮಾಡನ್ನು ಹೊತ್ತಿದ್ದ ಎರಡು ಪಕ್ಕಾಸು ಕಡಿದು ಇಳಿಸಿದಳು. ವರ್ಷಗಟ್ಟಲೆ ಹೊಗೆ ಕುಡಿದು ಒಣಗಿದ ಮರ. ಮಾಡು ಕುಸಿದು ಮಳೆ ನೇರ ಒಲೆಗೆ ಬಿತ್ತು. ಹೊರೆ ಹೊತ್ತು ಮಗಳ ಜೊತೆ ಶಾಲೆಗೆ ನಡೆದಳು.

“ಇದು ಮನೆಯ ಪಕ್ಕಾಸು ಅಲ್ವಾ?” ಅಡಿಗೆಯ ಕಮಲ ಬೆಚ್ಚಿದಳು. “ಮನೆ ಧಣಿಗಳದ್ದಲ್ವಾ?”

“ಹೌದು. ಅವರು ನನಗೆ ಕೊಡಬೇಕಾದ ಬಾಕಿ ಹೊರೆ ಎಂದು ತಿಳಿದುಕೋ. ಹೊರಗೆ ನಿಲ್ಲುವ ಐದು ಮಂದಿಯನ್ನೂ ಕೂರಿಸು.”

ಹೆಡ್ಮಾಷ್ಟ್ರು ಮರವನ್ನು ನೋಡಿದರು, ಅವಳನ್ನು ನೋಡಿದರು. ಐದು ಮಕ್ಕಳನ್ನೂ ಒಳಗೆ ಕರೆದರು.

ಸುದ್ದಿ ಮುಟ್ಟಿ ಧಣಿಗಳು ಕೊಡೆ ಹಿಡಿದು ಬರುವಾಗ ಮಕ್ಕಳು ಉಣ್ಣುತ್ತಿದ್ದರು.

“ಸಂಜೆಯೊಳಗೆ ಮನೆ ಬಿಡು.”

ಮಗಳ ಪಕ್ಕ ಕೂತಿದ್ದ ಮೋಹಿನಿ ಎದ್ದು ನಿಲ್ಲಲಿಲ್ಲ. ಜೀವಮಾನದಲ್ಲಿ ಮೊದಲ ಸಲ.

“ಸ್ವಲ್ಪ ಮೆಲ್ಲಗೆ ಮಾತಾಡಿ ಧಣಿಗಳೇ. ಮಕ್ಕಳ ಊಟ ಮುಗಿಯಲಿ.”

ಐದು ಮಂದಿಯ ಎಲೆ ಖಾಲಿಯಾಗಿತ್ತು. ಮಕ್ಕಳು ತಲೆ ಎತ್ತದೆ ಕೂತಿದ್ದರು. ಕಮಲ ಧಣಿಗಳ ಮುಖವನ್ನೊಮ್ಮೆ ನೋಡಿ, ಇನ್ನೊಮ್ಮೆ ಬಡಿಸಲು ಬಗ್ಗಿದಳು.