ಬುರುಲ್‌ಳ ಒಂಬತ್ತನೇ ಅಚ್ಚು

ನಮ್ಮ ಕಡೆ ಬೇಸಿಗೆಯಲ್ಲಿ ಚಹಾದ ಬಟ್ಟಲು ಒಣಗುವುದೇ ಇಲ್ಲ. ಪಕ್ಕದ ಶಾರ್ಷೆನ್‌ನ ಮನೆಯಲ್ಲಂತೂ ಕೇಳುವುದೇ ಬೇಡ. ಅವನು ಉಣ್ಣೆಗುಡಾರಗಳಿಗೆ ಮರದ ಚೌಕಟ್ಟು ಮಾಡುವವನು. ಗುಡಾರ ಬೇಕೆಂದು ಬಂದವರಿಗೆ ಕೂತಾಗ ಒಂದು ಚಹಾ, ಅಳತೆ ಮಾತಾಡುವಾಗ ಒಂದು ಚಹಾ, ಏಳುವಾಗ ಇನ್ನೊಂದು. ಹೆಂಡತಿ ಕುರಿಗಳೊಡನೆ ಬೆಟ್ಟದ ಹುಲ್ಲುಗಾವಲಿಗೆ ಹೋಗಿದ್ದಳು. ಹಾಗಾಗಿ ಚಹಾ ಬಗ್ಗಿಸುವ ಕೆಲಸ ಹತ್ತೊಂಬತ್ತು ವರ್ಷದ ಮಗಳು ಬುರುಲ್‌ಳದು. ಬಗ್ಗಿಸಿಕೊಟ್ಟವಳು ತಾನೂ ಜೊತೆಗೆ ಕುಡಿಯದಿದ್ದರೆ ಬಂದವರಿಗೆ ಬೇಸರ.

ತೊಂದರೆ ಶುರುವಾದದ್ದೇ ಈ ಚಹಾದಿಂದ.

ಬುರುಲ್‌ಳ ಮೇಲಿನ ಮುಂಬಲ್ಲೊಂದು ಕೆಳಗಿನ ಹಲ್ಲಿನ ಹಿಂದೆ ಸಿಕ್ಕಿಕೊಂಡಿತ್ತು. ಬಾಯಿ ಮುಚ್ಚಿದಾಗಲೆಲ್ಲ ಅದು ಕೆಳಗಿನ ಹಲ್ಲನ್ನು ಹೊರಕ್ಕೆ ತಳ್ಳುತ್ತಿತ್ತು. ಒಸಡು ಇಳಿದು ಬೇರು ಇಣುಕತೊಡಗಿತ್ತು. ಹೀಗೇ ಬಿಟ್ಟರೆ ಕೆಳಗಿನ ಹಲ್ಲು ಸಡಿಲವಾಗಿ ಬಿದ್ದುಹೋದೀತು ಎಂದು ಪಟ್ಟಣದ ದಂತವೈದ್ಯೆ ಜಿಬೆಕ್ ಹೇಳಿದ್ದರು. ಬುರುಲ್‌ಗೆ ಇದು ಅಂದಚಂದದ ಮಾತಾಗಿರಲಿಲ್ಲ. ಅವಳು ತೆಮಿರ್ ಕೊಮುಜ್ ನುಡಿಸುತ್ತಾಳೆ. ಅದು ನಿಮ್ಮ ಮೋರ್ಸಿಂಗ್‌ನ ಒಡಹುಟ್ಟು. ಮುಂಬಲ್ಲುಗಳಿಗೆ ಆನಿಸಿ ಹಿಡಿದೇ ಮೀಟಬೇಕು. ಹಲ್ಲು ಅಲ್ಲಾಡಿದರೆ ನಾದವೂ ಹೋಯಿತು. ಶುಕ್ರವಾರ ಸಂಜೆ ಅವಳ ಹತ್ತಿರ ಕಲಿಯಲು ಬರುವ ಆರು ಪುಟ್ಟ ಹುಡುಗಿಯರ ಪಾಠವೂ ಹೋಯಿತು.

ನುಡಿಸುವಾಗ ತೆಗೆದಿಡಬಹುದೆಂದೇ ಡಾಕ್ಟರು ಹಲ್ಲಿಗೆ ಬಿಗಿಯುವ ತಂತಿಯ ಬದಲು ಅಲೈನರ್ ಕೊಟ್ಟಿದ್ದರು. ಗಾಜಿನಂತೆ ಕಾಣುವ ತೆಳು ಪ್ಲಾಸ್ಟಿಕ್ ಅಚ್ಚುಗಳು. ಎರಡು ವಾರಕ್ಕೊಂದರಂತೆ ಬದಲಾಯಿಸಬೇಕು. ದಿನಕ್ಕೆ ಇಪ್ಪತ್ತೆರಡು ಗಂಟೆ ಬಾಯಲ್ಲಿರಬೇಕು.

ಬುರುಲ್‌ಳ ಅಜ್ಜಿ ಬೂಬುಷ್‌ಗೆ ಇದೆಲ್ಲ ತಮಾಷೆ. ಅವಳ ಬಾಯಲ್ಲಿ ನಾಲ್ಕು ಚಿನ್ನದ ಹಲ್ಲುಗಳಿವೆ, ಮದುವೆಯ ವರ್ಷ ಹಾಕಿಸಿದ್ದು.

"ಕೀಳಿಸಿ ಚಿನ್ನದ್ದು ಹಾಕ್ಸು ಅಂದ್ರೆ ಕೇಳಲ್ಲ. ಬಾಯಿಗೆ ಕಿಟಕಿ ಗಾಜು ಹಾಕ್ಕೊಂಡು ಓಡಾಡ್ತಾಳೆ ನೋಡು!"

"ನಗು, ಅಜ್ಜಿ, ನಗು. ನೀನು ನಕ್ಕಾಗ ಬಿಸಿಲು ಕಣ್ಣಿಗೆ ಹೊಡೆಯುತ್ತೆ, ಸ್ವಲ್ಪ ಆ ಕಡೆ ತಿರುಗಿ ನಗು" ಎನ್ನುತ್ತಿದ್ದಳು ಮೊಮ್ಮಗಳು.

ಮೊದಲ ಎಂಟು ಅಚ್ಚುಗಳು ಚೆನ್ನಾಗಿಯೇ ಕೂತವು. ಆಮೇಲೆ ಗಿರಾಕಿಗಳ ಕಾಲ ಬಂತು. ಚಹಾ ಬಂದಾಗಲೆಲ್ಲ ಬುರುಲ್ ಅಚ್ಚು ತೆಗೆದು ಏಪ್ರನ್‌ನ ಜೇಬಿಗೆ ಹಾಕುವಳು. ಒಬ್ಬರು ಎದ್ದರೆ ಇನ್ನೊಬ್ಬರು ಬರುವರು. ಅಚ್ಚು ಜೇಬಿನಲ್ಲೇ ಉಳಿಯುವುದು. ಒಂಬತ್ತನೆಯದನ್ನು ಹಾಕುವ ದಿನ ಅದು ಕೂರಲೇ ಇಲ್ಲ. ಆ ಮುಂಬಲ್ಲಿಗೂ ಅಚ್ಚಿಗೂ ನಡುವೆ ಉಗುರು ತೂರುವಷ್ಟು ಸಂದು.

ಶಾರ್ಷೆನ್ ಮಗಳ ಕಣ್ಣೀರು ನೋಡಲಾರ. "ಬಿಗಿ ಇದೆಯಾ? ಅಷ್ಟಕ್ಕೆ ಅಳ್ತೀಯಾ? ಕೊಡಿಲ್ಲಿ. ಬಿಗಿ ಆದದ್ದನ್ನ ಬಗ್ಗಿಸೋದು ನಮ್ಮಪ್ಪ ಕಲಿಸಿದ ವಿದ್ಯೆ" ಎಂದು ಅಚ್ಚನ್ನು ತೆಗೆದುಕೊಂಡು ಹೊರಗೆ ಹೋದ. ಗುಡಾರದ ಕೋಲುಗಳನ್ನು ಮೆತ್ತಗಾಗಿಸುವ ಹಬೆಯ ಮೇಲೆ ಅದನ್ನು ಹಿಡಿದ. ಎರಡು ನಿಮಿಷದಲ್ಲಿ ಅದು ಬಾಡಿದ ಎಲೆಯಂತೆ ಮುದುಡಿತು.

ಕೂಗು ಕೇಳಿ ನಾನು ಬೇಲಿ ದಾಟಿ ಹೋದೆ. ಶಾರ್ಷೆನ್ ಆ ಮುದ್ದೆಯನ್ನು ಅಂಗೈಯಲ್ಲಿ ಹಿಡಿದು ನಿಂತಿದ್ದ.

"ಟೀಚರಮ್ಮ, ನೀವೇ ಹೇಳಿ. ಹಬೆ ತಡೀದ ಈ ಕಸ ಹಲ್ಲು ಸರಿಸುತ್ತಾ? ಹಲ್ಲು ಅಂದ್ರೆ ಕಲ್ಲಲ್ಲಿ ನೆಟ್ಟ ಗೂಟ! ಸಾಕು, ಅವ್ವ ಹೇಳಿದ ಹಾಗೆ ಕೀಳಿಸಿಬಿಡೋಣ."

"ಕೀಳಿಸೋಕೆ ಹೋದ್ರೂ ಅದೇ ಡಾಕ್ಟರ ಹತ್ತಿರ ತಾನೆ ಹೋಗ್ಬೇಕು? ಒಂದು ಮಾತು ಕೇಳ್ಕೊಂಡು ಬರೋಣ, ಗಾಡಿ ತೆಗಿ" ಎಂದೆ ನಾನು.

ಮೂವರೂ ಪಟ್ಟಣಕ್ಕೆ ಹೋದೆವು. ಡಾಕ್ಟರ್ ಜಿಬೆಕ್ ಆ ಮುದ್ದೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ತುಟಿ ಬಿಗಿಹಿಡಿದು ನಗು ತಡೆದರು. ಶಾರ್ಷೆನ್‌ನ ಮರ್ಯಾದೆ ಉಳಿಸಲೆಂದೇ ಹಾಗೆ ಮಾಡಿದರೆಂದು ನನಗೆ ಗೊತ್ತಾಯಿತು.

"ಶಾರ್ಷೆನಣ್ಣ, ಗುಡಾರದ ಕೋಲು ಹೇಗೆ ಬಗ್ಗಿಸ್ತೀರಿ?"

"ಹಬೇಲಿ ಮೆತ್ತಗೆ ಮಾಡ್ತೀನಿ. ಬಾಗುಮರ ಅಂತ ಒಂದು ಬಾಗಿದ ಗಟ್ಟಿ ದಿಮ್ಮಿ ಇದೆ, ಅದಕ್ಕೆ ಸಿಕ್ಕಿಸಿ ನಿಧಾನಕ್ಕೆ ಒತ್ತುತ್ತೀನಿ. ಒಣಗೋವರೆಗೂ ಕಟ್ಟಿ ಇಡ್ತೀನಿ."

"ಕೋಲಿನ ಬದಲು ಬಾಗುಮರವನ್ನೇ ಹಬೇಲಿ ಬೇಯಿಸಿ ಬಗ್ಗಿಸಿದ್ರೆ?"

"ಅಯ್ಯೋ, ಯಾವ ಹುಚ್ಚ ಹಾಗೆ ಮಾಡ್ತಾನೆ?" ಎಂದವನು ಅಲ್ಲೇ ನಿಂತ. ಮುದ್ದೆಯನ್ನು ನೋಡಿದ. ಕಿವಿಯವರೆಗೂ ಕೆಂಪಾದ. "ನಾನೇ ಆ ಹುಚ್ಚ ಅನ್ನಿ!"

ಅವನೇ ಮೊದಲು ನಕ್ಕ. ಆಮೇಲೆ ನಾವೂ ನಕ್ಕೆವು.

"ಅಣ್ಣ, ಅಚ್ಚು ಬಾಗುಮರ ಇದ್ದ ಹಾಗೆ. ಅದು ಬದಲಾಗಬಾರದು, ಹಲ್ಲು ಬದಲಾಗಬೇಕು. ಹಲ್ಲು ಈಗ ಎಲ್ಲಿದೆಯೋ ಅದಕ್ಕಿಂತ ಕೂದಲೆಳೆಯಷ್ಟು ಮುಂದಿನ ಜಾಗ ಈ ಅಚ್ಚಲ್ಲಿರುತ್ತೆ. ಹಾಕಿದಾಗ ಬಿಗಿ ಅನ್ಸೋದು ಅದಕ್ಕೇ."

"ಆದ್ರೆ ಮೂಳೆ ಗಟ್ಟಿ ಅಲ್ವಾ? ಅಲ್ಲಿಗೆ ಹಬೆ ಎಲ್ಲಿಂದ ತರ್ತೀರಿ?"

"ಹಬೆ ಬೇಡ. ಬೇರಿಗೂ ಮೂಳೆಗೂ ನಡುವೆ ಸಣ್ಣ ನಾರಿನ ಮೆತ್ತೆ ಇದೆ. ಒಂದು ಕಡೆಯಿಂದ ಮೆಲ್ಲಗೆ, ಬಿಡದೆ ಒತ್ತಿದ್ರೆ, ಎದುರಿನ ಮೂಳೆ ತಾನಾಗೇ ಕರಗಿ ದಾರಿ ಬಿಡುತ್ತೆ. ಹಿಂದೆ ಖಾಲಿಯಾದ ಕಡೆ ಹೊಸ ಮೂಳೆ ತುಂಬಿಕೊಳ್ಳುತ್ತೆ. ಮೈ ತಾನೇ ಮಾಡೋ ಕೆಲಸ, ನಾವು ಬರೀ ದಿಕ್ಕು ತೋರಿಸ್ತೀವಿ."

"ಹಾಗಾದ್ರೆ ಜೋರಾಗಿ ಒತ್ತಿದ್ರೆ ಬೇಗ ಆಗಲ್ವಾ?"

"ಕೋಲನ್ನ ಒಮ್ಮೆಗೇ ಜೋರಾಗಿ ಬಗ್ಗಿಸಿದ್ರೆ?"

"ಸೀಳುತ್ತೆ."

"ಇಲ್ಲೂ ಅಷ್ಟೇ. ಜೋರಾಗಿ ಒತ್ತಿದ್ರೆ ಆ ಮೆತ್ತೆಗೆ ರಕ್ತ ಹರಿಯೋದು ನಿಲ್ಲುತ್ತೆ. ಹಲ್ಲು ಸರಿಯಲ್ಲ, ಬೇರಿಗೂ ಪೆಟ್ಟು. ಇನ್ನು ದಿನಾ ಅರ್ಧ ದಿನ ಬಿಚ್ಚಿಟ್ರೆ, ಆ ನಾರುಗಳು ಹಲ್ಲನ್ನ ವಾಪಸ್ ಎಳೀತವೆ. ಬುರುಲ್, ನಿನಗೆ ಆಗಿದ್ದು ಅದೇ. ಅಚ್ಚು ಮುಂದೆ ಹೋಯ್ತು, ಹಲ್ಲು ಹಿಂದೆ ಉಳೀತು."

ಬುರುಲ್ ತಲೆ ತಗ್ಗಿಸಿದಳು. "ಹಲ್ಲಿಗೆ ಅಂಟಿಸಿದ ಆ ಸಣ್ಣ ಗುಬುಟು ಯಾಕೆ ಅಂತ ಅಜ್ಜಿ ದಿನಾ ಕೇಳ್ತಾಳೆ, ಡಾಕ್ಟ್ರೇ" ಎಂದಳು ಮೆಲ್ಲಗೆ.

"ಹಿಡಿತಕ್ಕಮ್ಮ. ನೆಟ್ಟ ಕೋಲಿನ ತುದಿ ಮಾತ್ರ ತಳ್ಳಿದ್ರೆ ಅದು ವಾಲುತ್ತೆ, ಬುಡ ಅಲ್ಲೇ ಇರುತ್ತೆ. ಅಚ್ಚು ಆ ಗುಬುಟನ್ನ ಹಿಡ್ಕೊಂಡು ಬೇರನ್ನೂ ಜೊತೆಗೆ ಕರ್ಕೊಂಡು ಹೋಗುತ್ತೆ. ಸರಿ, ಈಗ ಎಂಟನೇ ಅಚ್ಚು ಬೇಕು. ಕೆಲವು ವಾರ ಅದನ್ನೇ ಹಾಕ್ಕೊಂಡ್ರೆ ಹಲ್ಲು ದಾರಿಗೆ ಬರಬಹುದು. ಅಷ್ಟರಲ್ಲಿ ಒಂಬತ್ತನೇದು ಹೊಸದು ಮಾಡಿಸ್ತೀನಿ. ಹಳೇದು ಇಟ್ಟಿದ್ದೀಯಾ?"

ಬುರುಲ್‌ಳ ಮುಖ ಬಿಳಿಚಿತು. ಎಲ್ಲಿಟ್ಟಿದ್ದಳೋ ಅವಳಿಗೇ ತಿಳಿಯದು. ಬೇಗ ಬೇಗ ಮನೆಗೆ ಬಂದೆವು.

ವಿಷಯ ಕೇಳಿದ ಬೂಬುಷ್ ಗೊಣಗುತ್ತ ಎದ್ದು ತನ್ನ ಹೊಲಿಗೆಯ ಪೆಟ್ಟಿಗೆ ತಂದಳು. ದಾರದುಂಡೆಗಳ ಕೆಳಗೆ ಎಂಟು ಪುಟ್ಟ ಬಟ್ಟೆಯ ಗಂಟುಗಳಿದ್ದವು. ಒಂದೊಂದರಲ್ಲೂ ತೊಳೆದು ಒರೆಸಿದ ಒಂದು ಅಚ್ಚು. ಎಷ್ಟನೆಯದೆಂದು ತಿಳಿಯಲು ಬಟ್ಟೆಯ ಮೇಲೆ ಕೆಂಪು ದಾರದ ಹೊಲಿಗೆಗಳು: ಒಂದು, ಎರಡು, ಮೂರು... ಎಂಟು.

"ಅಜ್ಜಿ! ಕಿಟಕಿ ಗಾಜು ಅಂತಿದ್ದೆ?"

"ಗಾಜೇ. ಆದ್ರೂ ನನ್ನ ಮೊಮ್ಮಗಳ ಹಲ್ಲಿನ ಗುರುತು ಇದೆ ಇದ್ರಲ್ಲಿ. ಕಸಕ್ಕೆ ಹಾಕೋಕೆ ನಂಗೇನು ಬುದ್ಧಿ ಇಲ್ವಾ? ಹಾಕ್ಕೋ, ಸುಮ್ನೆ ಬಾಯಿ ತೆಗೆದು ನಿಲ್ಲಬೇಡ."

ಎಂಟನೆಯದು ಬಿಗಿಯಾಗಿ, ಆದರೆ ಪೂರ್ತಿ ಕೂತಿತು.

ಮರುದಿನದಿಂದ ಆ ಮನೆಯ ಪದ್ಧತಿ ಬದಲಾಯಿತು. ಗಿರಾಕಿಗಳಿಗೆ ಅಜ್ಜಿಯೇ ಚಹಾ ಬಗ್ಗಿಸಿದಳು. "ಹುಡುಗಿ ಯಾಕೆ ಕುಡೀತಿಲ್ಲ?" ಎಂದವರಿಗೆ, "ಅವಳ ಪಾಲು ನಾನೇ ಕುಡೀತಿದ್ದೀನಿ, ನಿಮಗೆ ನಷ್ಟ ಏನು?" ಎಂದು ಚಿನ್ನದ ನಗು ತೋರಿಸಿದಳು. ಶಾರ್ಷೆನ್ ಮರದಲ್ಲಿ ಗಾಳಿಯಾಡುವ ಒಂದು ಪುಟ್ಟ ಡಬ್ಬಿ ಕೊರೆದು ಮಗಳ ಕೊರಳಿಗೆ ಹಾಕಿದ. ಊಟ ಮತ್ತು ಕೊಮುಜ್ ಎರಡಕ್ಕೂ ಸೇರಿ ದಿನಕ್ಕೆ ಎರಡು ಗಂಟೆ. ಅಷ್ಟೇ ಹೊತ್ತು ಅಚ್ಚು ಡಬ್ಬಿಯಲ್ಲಿ.

ಹೊಸ ಒಂಬತ್ತನೆಯದೂ ಬಂದು ಸರಿಯಾಗಿ ಕೂತಿತು. ಮೊದಲ ಹಿಮ ಬೀಳುವ ಹೊತ್ತಿಗೆ ಮೇಲಿನ ಹಲ್ಲು ಕೆಳಗಿನದರ ಮುಂದಕ್ಕೆ ಬಂದಿತ್ತು. ಆ ಶುಕ್ರವಾರ ಬುರುಲ್ ಕೊಮುಜ್ ಅನ್ನು ಹಲ್ಲಿಗಾನಿಸಿ ಮೀಟಿದಳು. ಆರು ಹುಡುಗಿಯರೂ ಮೀಟಿದರು. ಶಾರ್ಷೆನ್ ಬಾಗಿಲಲ್ಲಿ ನಿಂತು ಕೇಳಿದ. ಆಮೇಲೆ, "ಎಲ್ಲ ಮುಗಿದ ಮೇಲೂ ರಾತ್ರಿ ಹೊತ್ತು ಒಂದು ಅಚ್ಚು ಹಾಕ್ಬೇಕಂತೆ, ಟೀಚರಮ್ಮ. ಹಾಕ್ಲೇಬೇಕು. ಬಗ್ಗಿಸಿದ ಕೋಲನ್ನ ಕಟ್ಟದೆ ಬಿಟ್ರೆ ನಿಲ್ಲುತ್ತಾ?" ಎಂದು ನನಗೇ ಪಾಠ ಹೇಳಿದ.

ಓದುತ್ತಿರುವ ಅಕ್ಕತಂಗಿಯರೇ, ನಿಮ್ಮ ಮನೆಯಲ್ಲೂ ಹಲ್ಲು ಅಡ್ಡ ಬಂದು ಒಸಡು ನೋಯುತ್ತಿರುವವರು ಇದ್ದಾರು. ಕೀಳಿಸುವ ಮೊದಲು ಒಮ್ಮೆ ದಂತವೈದ್ಯರಿಗೆ ತೋರಿಸಿ. ಅಲೈನರ್ ಎಲ್ಲರ ಹಲ್ಲಿಗೂ ಒಗ್ಗುವುದಿಲ್ಲ. ಒಗ್ಗುತ್ತದೆಯೇ ಎಂದು ಅವರೇ ಪರೀಕ್ಷಿಸಿ ಹೇಳಲಿ. ಪರೀಕ್ಷೆ ಮಾಡಿಸದೆ ಅಂಚೆಯಲ್ಲಿ ತರಿಸಬೇಡಿ. ತಣ್ಣೀರಲ್ಲೇ ತೊಳೆಯಿರಿ, ಬಿಸಿನೀರು, ಬಿಸಿಚಹಾ ತಾಕಿಸಬೇಡಿ. ಹಾಕಿಕೊಂಡಿರುವಾಗ ನೀರು ಮಾತ್ರ ಕುಡಿಯಿರಿ. ಬೇಗ ಆಗಲೆಂದು ಒಂದು ಅಚ್ಚನ್ನೂ ಹಾರಿಸಬೇಡಿ. ಹಳೆಯದನ್ನು ಎಸೆಯಲೂ ಬೇಡಿ. ಕೂರದಿದ್ದರೆ ಡಾಕ್ಟರನ್ನು ಕೇಳಿ, ಒಲೆಯನ್ನಲ್ಲ.

ಇನ್ನು ಅಚ್ಚು ಹಾಕಿಕೊಂಡ ಹುಡುಗಿಯೊಬ್ಬಳು ನಿಮ್ಮ ಮನೆಗೆ ಬಂದು ಚಹಾ ಬೇಡವೆಂದರೆ ಬೇಸರಪಡಬೇಡಿ. ಅವಳ ಪಾಲನ್ನೂ ನೀವೇ ಕುಡಿದುಬಿಡಿ.