ಮೂರನೇ ಸಾಲಿನ ತಾಯಿ

ಬಾಗಿಲು ಯಾರು ತಟ್ಟಿದರೂ ನಾನು ಮೊದಲು ರೇಡಿಯೋ ಆರಿಸುತ್ತೇನೆ. ಆಮೇಲೆ ಬೀನ್ಸ್ ಕಾಳು ಬೇಯುತ್ತಿರುವ ಪಾತ್ರೆಗೆ ಮುಚ್ಚಳ ಹಾಕುತ್ತೇನೆ, ಯಾಕೆಂದರೆ ವಾಸನೆ ಹೊರಗೆ ಹೋದರೆ ಒಳಗೆ ಜನ ಇದ್ದಾರೆಂದು ಗೊತ್ತಾಗುತ್ತದೆ. ಆಮೇಲೆ ಉಸಿರು ಬಿಗಿಹಿಡಿದು ನಿಲ್ಲುತ್ತೇನೆ. ಬಾಯ್ಲ್ ಹೈಟ್ಸ್ ಬಡಾವಣೆಯ ಈ ಮನೆಯಲ್ಲಿ ಮೂವತ್ತೆಂಟು ವರ್ಷದಿಂದ ನಡೆದುಬಂದ ಪದ್ಧತಿ ಇದು. ಸಾಕಾತೆಕಾಸ್‌ನಿಂದ ಗಡಿ ದಾಟಿ ಈ ದೇಶಕ್ಕೆ ಬಂದ ನನ್ನ ಹತ್ತಿರ ಇಲ್ಲಿರಲು ಕಾಗದಪತ್ರ ಇಲ್ಲ. ಇಲ್ಲೇ ಹುಟ್ಟಿದ ಮಗನಿಗೆ ಎಲ್ಲ ಇದೆ. ಅಮ್ಮನಿಗಾಗಿ ಅರ್ಜಿ ಹಾಕುತ್ತೇನೆಂದು ಅವನು ವಕೀಲರ ಹತ್ತಿರ ಹೋದ. ಅದಕ್ಕೆ ನಾನು ಮೊದಲು ದೇಶ ಬಿಡಬೇಕು, ಬಿಟ್ಟರೆ ಹತ್ತು ವರ್ಷ ಒಳಗೆ ಸೇರಿಸುವುದಿಲ್ಲ ಎಂದರು. ಅಲ್ಲಿಗೆ ಆ ಮಾತು ಮುಗಿಯಿತು.

ಈ ನನ್ನ ಭಯವನ್ನೇ ತಮಾಷೆ ಮಾಡಿ ಆ ಮಗ ಹೆಸರು ಗಳಿಸಿದ.

ಎಲಿಸೆಯೊ ಚಿಕ್ಕವನಿದ್ದಾಗ ಚರ್ಚಿನ ಕ್ರಿಸ್‌ಮಸ್ ನಾಟಕದಲ್ಲಿ ಅವನಿಗೆ ಸೈತಾನನ ಪಾತ್ರ ಕೊಟ್ಟಿದ್ದರು. ಕುರಿಗಾಹಿಗಳನ್ನು ಹೆದರಿಸಬೇಕಾದ ಸೈತಾನ, ಬಾಗಿಲ ಸದ್ದಿಗೆ ತಾನೇ ಹೆದರಿ, ನನ್ನ ಹಾಗೆಯೇ ಪಾತ್ರೆ ಮುಚ್ಚಿ ಮೇಜಿನಡಿ ತೂರಿದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗದೆ ಇನ್ನೇನು? ಅಲ್ಲಿ ಕೂತವರೆಲ್ಲ ಒಂದಲ್ಲ ಒಂದು ದಿನ ಮೇಜಿನಡಿ ಕೂತವರೇ. ನಾನೂ ನಕ್ಕೆ. ಮುಂದೆ ಅವನು ಲಾರಿಯ ಮೇಲೆ ನಾಟಕವಾಡುವ ತಂಡ ಸೇರಿದ, ಬಾರುಗಳಲ್ಲಿ ಮೈಕು ಹಿಡಿದು ನಗಿಸಿದ, ಸಿನಿಮಾ ಹೊಕ್ಕ. ಸಿನಿಮಾದಲ್ಲಿ ನಾಲ್ಕು ಸಲ ತೋಟದ ಮಾಲಿ, ಎರಡು ಸಲ ಕಳ್ಳ, ಮೂರು ಸಲ ಹೆಣ. ಹೆಣದ ಪಾತ್ರ ಬಹಳ ಚೆನ್ನಾಗಿತ್ತೆಂದು ಬೀದಿಯವರು ಹೊಗಳಿದರು. ನಾನು ಮಾತ್ರ ನೋಡಲಾರದೆ ಎದ್ದು ಅಡುಗೆಮನೆಗೆ ಹೋಗಿದ್ದೆ. ಆದರೆ ವೇದಿಕೆ ಸಿಕ್ಕಿದಲ್ಲೆಲ್ಲ ಅವನು ನನ್ನ ಹಳೆಯ ಏಪ್ರನ್ ಕಟ್ಟಿಕೊಂಡು ನಾನೇ ಆಗಿಬಿಡುತ್ತಿದ್ದ.

ಈ ವರ್ಷ ಟೀವಿಯವರು ಅವನೊಬ್ಬನದೇ ಒಂದು ಗಂಟೆಯ ಕಾರ್ಯಕ್ರಮ ಮಾಡಲು ಒಪ್ಪಿದರು. ಸುದ್ದಿ ತಂದವನು ನನ್ನ ಅಡುಗೆಮನೆಯಲ್ಲಿ ಕುಣಿದಾಡಿದ.

"ಅಮಾ, ನೀನು ಬರ್ಲೇಬೇಕು."

"ಕ್ಯಾಮೆರಾ ಇರುತ್ತಾ?"

"ಟೀವಿ ಅಂದ್ಮೇಲೆ ಕ್ಯಾಮೆರಾ ಇಲ್ದೆ ರುಬ್ಬೋ ಕಲ್ಲು ಇರುತ್ತಾ?"

"ಹಾಗಾದ್ರೆ ನಾನ್ ಬರಲ್ಲ. ಹೋದ ವಾರ ಮೂಲೇಲಿ ಹಣ್ಣು ಮಾರೋನ್ನ ಮೀಗ್ರಾ ಪೊಲೀಸ್ರು ಕಾಗದ ಇಲ್ಲ ಅಂತ ಎತ್ತಾಕ್ಕೊಂಡು ಹೋದ್ರು. ಕತ್ತರಿಸಿದ ಮಾವಿನಹಣ್ಣು ಗಾಡೀಲೇ ಬಿದ್ದಿತ್ತು. ನೀನು ದೇಶಕ್ಕೆಲ್ಲ ನನ್ನ ಮುಖ ತೋರಿಸ್ತೀಯಾ?"

"ನಿನ್ನ ಹೆಸರೆತ್ತಲ್ಲ. ನಿನ್ ಕಡೆ ತಿರುಗೂ ನೋಡಲ್ಲ. ದೇವಮಾತೆ ಗ್ವಾದಲೂಪೆ ತಾಯಾಣೆ."

ಪಕ್ಕದ ಮನೆಯ ಒತೀಲಿಯಾ ಅಲ್ಲೇ ಕಾಫಿ ಹೀರುತ್ತಿದ್ದಳು. ದೀಕ್ಷಾಸ್ನಾನದ ದಿನ ಎಲಿಸೆಯೊನನ್ನು ಎತ್ತಿಕೊಂಡು ನಿಂತವಳು ಅವಳೇ. ಆವತ್ತಿನಿಂದ ನಾವಿಬ್ಬರೂ ಒಬ್ಬರಿಗೊಬ್ಬರು ಕೊಮಾದ್ರೆ, ಅಂದರೆ ಜೊತೆತಾಯಿ. ಟೆಕ್ಸಾಸ್‌ನಲ್ಲಿ ಹುಟ್ಟಿದವಳು, ಯಾರಿಗೂ ಹೆದರಬೇಕಾಗಿಲ್ಲ, ಅದಕ್ಕೇ ಅಷ್ಟು ಬಾಯಿ.

"ಬಾರೇ ಕೊಮಾದ್ರೆ, ನಾನ್ ಪಕ್ಕದಲ್ಲೇ ಕೂತಿರ್ತೀನಿ. ನಿನ್ನ ಹಿಡಿಯೋಕೆ ಬಂದೋನು ನನ್ನ ದಾಟ್ಕೊಂಡು ಬರ್ಬೇಕು. ಈ ಸೊಂಟ ದಾಟೋದು ಹುಡುಗಾಟಾನಾ?" ಎಂದಳು.

ಹೋದೆ. ಮಗ ನಗಿಸುವುದನ್ನು ಕಣ್ಣಾರೆ ನೋಡುವ ಆಸೆ, ಇನ್ನೇನು.

ಮಧ್ಯಾಹ್ನ ಮೂರು ಗಂಟೆಗೆ ಚಿತ್ರೀಕರಣ. ಥಿಯೇಟರಿನ ಬಾಗಿಲಲ್ಲಿ ಸಮವಸ್ತ್ರದ ಇಬ್ಬರು ಕಾವಲುಗಾರರಿದ್ದರು. ಬರೀ ಥಿಯೇಟರಿನವರು ಅಂತ ಒತೀಲಿಯಾ ಹೇಳಿದರೂ ನಾನು ಅವಳ ಮರೆಯಲ್ಲೇ ಒಳಗೆ ಹೋದೆ. ಮೂರನೇ ಸಾಲಿನಲ್ಲಿ ಕೂತ ಮೇಲೆ, ಕಿವಿಗೆ ಯಂತ್ರ ಸಿಕ್ಕಿಸಿಕೊಂಡ ಟೀವಿಯ ಹೆಂಗಸೊಬ್ಬಳು ಬಂದು ನಮ್ಮಿಬ್ಬರನ್ನೂ ನೋಡಿ ನಕ್ಕಳು.

"ಎಲಿಸೆಯೊ ಅವರ ತಾಯಿ ಈ ಸಾಲಲ್ಲೇ ಅಲ್ವಾ? ಕೊನೇಲಿ ಅವ್ರು ಕೈ ತೋರಿಸಿದ ಕೂಡ್ಲೇ ಎದ್ದು ನಿಲ್ಲಿ. ಕ್ಯಾಮೆರಾ ಸೀದಾ ನಿಮ್ ಮೇಲೇ ಬರುತ್ತೆ. ಜನಕ್ಕೆ ಅದೇ ಬೇಕು."

ಉತ್ತರಕ್ಕೂ ಕಾಯದೆ ಹೋದಳು. ನಾನು ಏಳಲು ಹೋದೆ. ಅಷ್ಟರಲ್ಲಿ ಬಾಗಿಲು ಮುಚ್ಚಿದರು, ದೀಪ ಆರಿತು. ಆಣೆ ಮಾಡಿದವನು ಮೋಸ ಮಾಡಿದನೇ?

ಅವನು ಚೆನ್ನಾಗಿ ಮಾಡಿದ ಅಂತ ಕಾಣುತ್ತದೆ. ನನಗೆ ಕೇಳಿಸಿದ್ದು ಅರ್ಧ. ಏಪ್ರನ್ ಕಟ್ಟಿಕೊಂಡು, ವೇದಿಕೆಯ ಹಲಗೆಯನ್ನು ಮೂರು ಸಲ ತಟ್ಟಿದ. ಇಡೀ ಥಿಯೇಟರ್ ನಕ್ಕಿತು. ನನ್ನ ಕೈ ಮಾತ್ರ ಕತ್ತಲಲ್ಲಿ ತಾನಾಗಿ ಮುಂದೆ ಹೋಗಿ ಮುಚ್ಚಳ ಹುಡುಕಿತು. ಒಂದು ದಿನವೂ ಮೇಜಿನಡಿ ಕೂರದ ಜನ ಸುತ್ತಲೂ ಕಣ್ಣೀರು ಒರೆಸಿಕೊಂಡು ನಗುತ್ತಿದ್ದರು. ಅವರ ಮೇಲೆ ನನಗೆ ಸಿಟ್ಟು ಬಂತು.

ಕೊನೆಗೆ ಅವನು, ಮಾತು ಮರೆಯದಿರಲೆಂದು ಎದುರಿಗಿಟ್ಟ ಗಾಜಿನ ಮೇಲೆ ಮೂಡಿದ ಸಾಲನ್ನು ಓದಿದ. "ಆ ಹೆಂಗಸು ಇವತ್ತು ಇಲ್ಲೇ ಬಂದಿದಾಳೆ." ಓದಿದ ಮೇಲೆಯೇ ಅದೇನೆಂದು ಅವನಿಗೆ ಹೊಳೆದದ್ದು. ಟೀವಿಯವರೇ ಸೇರಿಸಿದ ಮಾತು. ಅವನ ಮುಖ ಬಿಳುಚಿತು. ಕ್ಯಾಮೆರಾ ಆಗಲೇ ನಮ್ಮ ಸಾಲಿನತ್ತ ತಿರುಗುತ್ತಿತ್ತು. ಅವನ ಬೆರಳು ನನ್ನ ಮೇಲೆ ಬಂದು ನಿಂತಿತು. ನಾನು ತಲೆ ಅಲ್ಲಾಡಿಸಿದೆ, ಬೇಡ ಮಗಾ, ಬೇಡ.

ಬೆರಳು ಒಂದು ಕುರ್ಚಿ ಆಚೆ ಸರಿಯಿತು.

"ಎದ್ದೇಳು ಅಮಾ!"

ಒತೀಲಿಯಾ ನನ್ನ ಕೈಯನ್ನು ನೋಯುವಷ್ಟು ಅದುಮಿ, ಬಿಟ್ಟು, ಎದ್ದು ನಿಂತಳು. ದೀಪವೆಲ್ಲ ಅವಳ ಮೇಲೆ. ಜನ ಎದ್ದು ಚಪ್ಪಾಳೆ ತಟ್ಟಿದರು. ಅವನು ಕೆಳಗೆ ಧುಮುಕಿ ಬಂದು ಅವಳನ್ನು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಅವನ ಪ್ಯಾಂಟು ನನ್ನ ಮೊಣಕಾಲಿಗೆ ತಾಗುತ್ತಿತ್ತು. ಒಂದು ಸಲವೂ ನನ್ನತ್ತ ತಿರುಗಲಿಲ್ಲ. ಆಣೆ ಉಳಿಸಿಕೊಂಡ. ತಲೆ ತಗ್ಗಿಸಿಕೊಂಡು ನಾನೂ ಚಪ್ಪಾಳೆ ತಟ್ಟಿದೆ. ತಟ್ಟದಿದ್ದರೆ ಯಾರಾದರೂ ಗಮನಿಸಿಬಿಟ್ಟರೆ?

ಟೀವಿಯಲ್ಲಿ ಬಂದಾಗ ಒತೀಲಿಯಾ ಪಕ್ಕದಲ್ಲಿ ಬರೀ ನನ್ನ ಎರಡು ಕೈ ಕಾಣಿಸಿತು. ಎಡಗೈಯ ಮೇಲೆ ಎಣ್ಣೆ ಸಿಡಿದ ಕಲೆ.

ನಮ್ಮ ಬೀದಿಗೆ ಎಲ್ಲ ಗೊತ್ತು. ಆದರೂ ಯಾರೊಬ್ಬರೂ ಬಾಯಿ ಬಿಡಲಿಲ್ಲ. ಎಲಿಸೆಯೊನ ಹುಟ್ಟುಹಬ್ಬಕ್ಕೆಲ್ಲ ನಾನೇ ಹೇಳಿದ ಕೇಕು ಮಾಡಿಕೊಡುತ್ತಿದ್ದ ಬೇಕರಿಯ ಗಾಲ್ದಿನೊ ಕೂಡ ಗಿರಾಕಿಗಳ ಮುಂದೆ ಒತೀಲಿಯಾಗೆ, "ಮಗನ್ನ ಚೆನ್ನಾಗ್ ಬೆಳೆಸಿದೀರಿ, ದೋನ್ಯಾ" ಅಂತ ಗೌರವದಿಂದ ಹೇಳುತ್ತಾನೆ. ಅವಳು ತಲೆಯಾಡಿಸುತ್ತಾಳೆ. ಮನೆಗೆ ಬಂದು ನನ್ನ ತೊಡೆಯ ಮೇಲೆ ತಲೆಯಿಟ್ಟು ಅಳುತ್ತಾಳೆ. ಸಮಾಧಾನ ಹೇಳಬೇಕಾದವಳು ನಾನೇ.

ಮೊನ್ನೆ ಅವನ ಇಷ್ಟದ ಬೀನ್ಸ್ ಬೇಯಿಸುತ್ತಿದ್ದೆ. ಹೊರಗೆ ಕಾರು ನಿಂತಿತು. ಮಗನ ಜೊತೆ ಕ್ಯಾಮೆರಾ ಹೊತ್ತ ಪತ್ರಿಕೆಯವರು. ಅವನು ನನ್ನ ಬಾಗಿಲು ದಾಟಿ ಹೋಗಿ ಪಕ್ಕದ ಬಾಗಿಲು ತಟ್ಟಿದ.

"ಅಮಾ, ನಾನು!"

ನಾನು ರೇಡಿಯೋ ಆರಿಸಿದೆ. ಪಾತ್ರೆಗೆ ಮುಚ್ಚಳ ಹಾಕಿ, ಉಸಿರು ಬಿಗಿಹಿಡಿದು ನಿಂತೆ.