ಐದು ತಪ್ಪುಗಳ ಹಾಳೆ

ಗಣಿತದ ಮೇಷ್ಟ್ರು ತಮ್ಮ ಫೋನನ್ನು ನನ್ನ ಮುಂದೆ ಹಿಡಿದರು. "ಇವನನ್ನ ನೋಡಿದ್ರಾ ಮಿಸ್? ಮಕ್ಕಳ ಕಳ್ಳನಂತೆ. ನಮ್ಮ ಶಾಲೆ ಹಿಂದಿನ ಬೀದೀಲೇ ಓಡಾಡ್ತಿದಾನಂತೆ."

ನೋಡದೆ ಏನು? ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ. ಅವನು ನನ್ನ ಅಣ್ಣ.

ಆ ಸುದ್ದಿ ಬರೆದವಳೂ ನಾನೇ. ಸುಳ್ಳುಸುದ್ದಿ ಗುರುತಿಸುವ ಪಾಠಕ್ಕೆಂದು ಒಂಬತ್ತನೇ ತರಗತಿಗೆ ನಿನ್ನೆ ಹಂಚಿದ ಹಾಳೆ ಅದು. ಮೇಲೆ ದಪ್ಪಕ್ಷರದಲ್ಲಿ 'ಇದು ಸುಳ್ಳು, ಐದು ತಪ್ಪು ಹುಡುಕಿ' ಎಂದಿತ್ತು. ದಿನಾಂಕವಿಲ್ಲ, ಊರಿನ ಹೆಸರಿಲ್ಲ, ಯಾವ ಪೊಲೀಸರು ಹೇಳಿದರೆಂದಿಲ್ಲ, ಫೋನ್ ನಂಬರಿಗೆ ಒಂದಂಕಿ ಕಡಿಮೆ, ಕೊನೆಗೆ 'ಕೂಡಲೇ ಎಲ್ಲರಿಗೂ ಕಳಿಸಿ'. ಗುರುತಿಲ್ಲದವರ ಫೋಟೊ ಹಾಕಿದರೆ ಪಾಪ ಅವರಿಗೆ ತೊಂದರೆಯಾದೀತು ಎಂದು ಅಣ್ಣನದನ್ನೇ ಅಂಟಿಸಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ! ಮೇಷ್ಟ್ರ ಫೋನಿನಲ್ಲಿ ಆ ಮೇಲಿನ ಸಾಲೇ ಇರಲಿಲ್ಲ.

ಅಣ್ಣ ನೀರಿನ ಮೀಟರ್ ಓದುವವನು. ಗೇಟು ತೆಗೆದು ಒಳಗೆ ಹೋಗಿ ಮೂಲೆಯಲ್ಲಿ ಬಗ್ಗಿ ನೋಡುವುದೇ ಅವನ ಕೆಲಸ. "ಇವತ್ತು ನಿನ್ನ ಶಾಲೆ ಹಿಂದಿನ ಬೀದಿ ಕಣೇ" ಎಂದು ಬೆಳಿಗ್ಗೆ ಹೇಳಿಯೇ ಹೋಗಿದ್ದ.

ಫೋನ್ ಮಾಡಿದೆ. ಎತ್ತಲಿಲ್ಲ. ಮೀಟರ್ ಓದುವಾಗ ಅವನ ಫೋನ್ ಚೀಲದ ತಳದಲ್ಲಿರುತ್ತದೆ. ಪೊಲೀಸರಿಗೆ ಮಾಡಿದೆ. ಬರುತ್ತೇವೆ ಎಂದರು. ಶಾಲೆ ಬಿಟ್ಟ ಗಂಟೆ ಹೊಡೆಯುತ್ತಿದ್ದಂತೆ, ತಿದ್ದಿಟ್ಟಿದ್ದ ಹಾಳೆಗಳಲ್ಲಿ ಕೈಗೆ ಸಿಕ್ಕಿದ ಒಂದನ್ನು ಎಳೆದುಕೊಂಡು ಮಕ್ಕಳ ನಡುವೆ ನುಗ್ಗಿ ಓಡಿದೆ. ದೇವರೇ, ಅವನ ಕೈಕಾಲಾದರೂ ಉಳಿದಿರಲಿ ಎಂದು ಬೇಡಿಕೊಂಡೆ.

ಬೀದಿಯ ನಡುವೆ ಜೆರಾಕ್ಸ್ ಅಂಗಡಿಯ ಮುಂದೆ ಮೂವತ್ತು ನಲವತ್ತು ಜನ. ಪೊಲೀಸರು ಇನ್ನೂ ಬಂದಿರಲಿಲ್ಲ. ಅಣ್ಣನ ಒಂದು ಚಪ್ಪಲಿ ರಸ್ತೆಯಲ್ಲಿ ಬಿದ್ದಿತ್ತು. ಅಂಗಡಿಯವನು ಅವನನ್ನು ಒಳಗೆಳೆದು ಷಟರ್ ಇಳಿಸಿದ್ದ. ಅದರ ಮೇಲೆ ಯಾರೋ ಕಬ್ಬಿಣದ ಸರಳಿನಿಂದ ಬಡಿಯುತ್ತಿದ್ದರು.

"ನಿಲ್ಸಿ! ಅವನು ನಮ್ಮಣ್ಣ! ಸುದ್ದಿ ಸುಳ್ಳು, ನಾನೇ ಬರೆದಿದ್ದು, ಪಾಠಕ್ಕೆ!" ಎಂದು ಹಾಳೆ ಎತ್ತಿ ತೋರಿಸಿದೆ.

ಸರಳು ಹಿಡಿದವನು ತಿರುಗಿದ. "ಹಾಳೆ ಯಾರು ಬೇಕಾದ್ರೂ ಪ್ರಿಂಟ್ ಮಾಡ್ತಾರೆ. ನೀನು ಯಾರು? ನೀನು ಹೇಳಿದ್ದು ನಿಜ ಅಂತ ಏನು ಗ್ಯಾರಂಟಿ? ಕಳ್ಳನ ಜೊತೆಯವಳೇ ಇರಬಹುದು!"

ಯಾರು ಹೇಳಿದರು, ಅವರಿಗೆ ಹೇಗೆ ಗೊತ್ತು ಎಂದು ಕೇಳಿ ಎಂದು ವರ್ಷವಿಡೀ ಮಕ್ಕಳಿಗೆ ಬಡಿದುಕೊಂಡವಳು ನಾನು. ಈಗ ಅದೇ ಪ್ರಶ್ನೆ ನನ್ನ ಮುಂದಿತ್ತು. ಯಾರೋ ನನ್ನ ಜಡೆ ಹಿಡಿದರು. ಷಟರ್ ಒಳಗಿನಿಂದ ಅಣ್ಣ "ಪುಟ್ಟೀ, ಹೋಗೇ, ನೀನು ಮನೆಗೆ ಹೋಗೇ" ಎಂದು ಕೂಗುತ್ತಿದ್ದ.

"ನಮ್ಮ ಮಿಸ್ ಅವರು! ಬಿಡಿ ಮಾಮ!"

ಒಂಬತ್ತನೇ ತರಗತಿಯ ಮೊದಲ ಬೆಂಚಿನ ಹುಡುಗಿ. ಇದೇ ಬೀದಿಯವಳು. ಬೆನ್ನ ಮೇಲೆ ಶಾಲೆ ಚೀಲ, ಕಣ್ಣಲ್ಲಿ ನೀರು. "ನಿನ್ನೆ ಆ ಹಾಳೆ ಫೋಟೊ ತೆಗೆದು ಅಮ್ಮಂಗೆ ಕಳಿಸಿದ್ದು ನಾನೇ. ಮುಖ ದೊಡ್ಡದಾಗಿ ಕಾಣ್ಲಿ ಅಂತ ಮೇಲಿನ ಸಾಲು ಕತ್ತರಿಸ್ದೆ. ಅಮ್ಮ ಬೀದಿ ಗ್ರೂಪಿಗೆ ಹಾಕಿದ್ಳು."

ಅವಳು ಅವರ ಬೀದಿಯ ಮಗು, ಆದ್ದರಿಂದ ನಂಬಿದರು. ನನ್ನ ಜಡೆ ಬಿಟ್ಟರು. ಒಬ್ಬೊಬ್ಬರೇ ಫೋನ್ ನೋಡುತ್ತಾ ಜಾಗ ಖಾಲಿ ಮಾಡಿದರು. ಒಬ್ಬಾಕೆ ಮಾತ್ರ ಹೋಗುತ್ತಾ "ಬೆಂಕಿ ಇಲ್ದೆ ಹೊಗೆ ಆಡುತ್ತಾ?" ಎಂದಳು.

ನಾನು ಅಂಗಡಿಯ ಮೆಟ್ಟಿಲ ಮೇಲೆ ಕೂತು ಅವಳನ್ನು ಕೇಳಿದೆ. "ಅದು ಸುಳ್ಳು ಅಂತ ನಿಂಗೆ ಗೊತ್ತಿರಲಿಲ್ವೇನೇ?"

"ಗೊತ್ತಿತ್ತು ಮಿಸ್. ಐದೂ ತಪ್ಪು ಸಿಕ್ಕಿತ್ತು." ಅವಳು ಬಿಕ್ಕಿದಳು. "ಆದ್ರೆ ತಂಗಿ ಹೊರಗಡೆ ಆಡ್ತಿದ್ಳು. ಒಂದ್ವೇಳೆ ನಿಜ ಆಗ್ಬಿಟ್ರೆ ಅಂತ ಭಯ ಆಯ್ತು."

ಷಟರ್ ಒಂದು ಗೇಣು ಮೇಲೆದ್ದಿತು. "ಎಲ್ರೂ ಹೋದ್ರೇನೇ?" ಎಂದು ಅಣ್ಣ ಕೆಳಗಿನಿಂದ ಪಿಸುಗುಟ್ಟಿದ. ಹೋದರು ಎಂದೆ. ಅವನು ಹೊರಗೆ ಬರಲಿಲ್ಲ.

ನಾನು ತಂದಿದ್ದ ಹಾಳೆ ಇನ್ನೂ ನನ್ನ ಮುಷ್ಟಿಯಲ್ಲೇ ಇತ್ತು; ಮೇಲೆ ಆ ಹುಡುಗಿಯ ಹೆಸರಿತ್ತು. ಮಧ್ಯಾಹ್ನವಷ್ಟೇ ಅದಕ್ಕೆ ಐದಕ್ಕೆ ಐದು ಅಂಕ ಕೊಟ್ಟಿದ್ದೆ.